ಖಾಲಿ ಕೊಠಡಿಗೆ ತಂಪೇಕೆ? ಹವಾನಿಯಂತ್ರಣದ ನಿಯಂತ್ರಕಗಳೂ ಉದ್ಯಮಿಯ ವಿದ್ಯುತ್ ಬಿಲ್ಲೂ

ವಾರವೊಂದಕ್ಕೆ 168 ಗಂಟೆಗಳು. ವಾರಕ್ಕೆ ಆರು ದಿನ, ದಿನಕ್ಕೆ ಒಂಬತ್ತು ಗಂಟೆಯಂತೆ ಒಂದೇ ಪಾಳಿಯಲ್ಲಿ ನಡೆಯುವ ಸಣ್ಣ ಕೈಗಾರಿಕಾ ಘಟಕದ ಕಚೇರಿಯಲ್ಲಿ ಜನರು ಇರುವುದು 54 ಗಂಟೆಗಳು ಮಾತ್ರ. ಉಳಿದ 114 ಗಂಟೆ, ಅಂದರೆ ಸುಮಾರು ಶೇ. 68ರಷ್ಟು ಕಾಲ, ಅಲ್ಲಿನ ಕುರ್ಚಿಗಳು ಖಾಲಿ ಇರುತ್ತವೆ. ಈ ಖಾಲಿ ಅವಧಿಯಲ್ಲಿ ಹವಾನಿಯಂತ್ರಣ ಯಂತ್ರವು ಏನು ಮಾಡುತ್ತಿರುತ್ತದೆ ಎಂಬ ಪ್ರಶ್ನೆಗೆ ಹೆಚ್ಚಿನ ಉದ್ಯಮಿಗಳ ಬಳಿ ಖಚಿತವಾದ ಉತ್ತರವಿರುವುದಿಲ್ಲ. ‘ಸಂಜೆ ಕಾವಲುಗಾರ ಆರಿಸುತ್ತಾನೆ’ ಎಂಬುದೇ ಸಾಮಾನ್ಯವಾಗಿ ದೊರೆಯುವ ಉತ್ತರ. ಆದರೆ ವಿದ್ಯುತ್ ಬಿಲ್ಲು ಕೆಲವೊಮ್ಮೆ ಬೇರೆಯದೇ ಕಥೆ ಹೇಳುತ್ತದೆ.

2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕಟ್ಟಡಗಳ ಸ್ವರೂಪವೇ ಬದಲಾಗಿದೆ. ಏರೋಸ್ಪೇಸ್ ಪಾರ್ಕಿನ ಬಿಡಿಭಾಗ ಘಟಕಗಳು, ದೊಡ್ಡಬಳ್ಳಾಪುರದ ಸಿದ್ಧ ಉಡುಪು ಕಾರ್ಖಾನೆಗಳು, ಹೊಸಕೋಟೆಯ ಗೋದಾಮುಗಳು, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಭಾಗದ ಘಟಕಗಳು, ಇವೆಲ್ಲಕ್ಕೂ ಇಂದು ಒಂದಲ್ಲ ಒಂದು ಬಗೆಯ ಹವಾನಿಯಂತ್ರಣ ಬೇಕಾಗಿದೆ. ಹಿಂದೆ ತಗಡಿನ ಛಾವಣಿಯ ಷೆಡ್ಡು, ನಾಲ್ಕು ಫ್ಯಾನುಗಳಲ್ಲಿ ಮುಗಿಯುತ್ತಿದ್ದ ವಿಷಯ ಈಗ ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯೊಂದರ ಕೈಗೆ ಹೋಗಿದೆ. ಆ ಪೆಟ್ಟಿಗೆಯೇ ನಿಯಂತ್ರಕ. ಯಂತ್ರವನ್ನು ಕೊಳ್ಳುವಾಗ ಟನ್ನು, ಸ್ಟಾರ್, ಬೆಲೆ ಇವುಗಳ ಬಗ್ಗೆ ದಿನಗಟ್ಟಲೆ ಚೌಕಾಸಿ ಮಾಡುವ ಉದ್ಯಮಿಯು ನಿಯಂತ್ರಕದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದಿರುವುದು ಸಾಮಾನ್ಯ. ಯಂತ್ರ ಎಷ್ಟು ವಿದ್ಯುತ್ ತಿನ್ನಬೇಕೆಂದು ತೀರ್ಮಾನಿಸುವುದರಲ್ಲಿ ಅದರ ಪಾಲು ಚಿಕ್ಕದಲ್ಲ.

ಜವಾನನ ಕೆಲಸದಿಂದ ಹುಟ್ಟಿದ ಯಂತ್ರ

ಕೊಠಡಿಯ ಉಷ್ಣತೆಯನ್ನು ತಾನಾಗಿ ಕಾಯುವ ಸಾಧನದ ಹಿಂದೆ ಒಬ್ಬ ಶಿಕ್ಷಕನಿದ್ದಾನೆ. ಅಮೆರಿಕೆಯ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವಾರನ್ ಜಾನ್ಸನ್‌ಗೆ, ಜವಾನನು ಆಗಾಗ ತರಗತಿಗಳಿಗೆ ಬಂದು ಉಷ್ಣಮಾಪಕ ನೋಡಿ, ನೆಲಮಾಳಿಗೆಗೆ ಇಳಿದು ಬಿಸಿಗಾಳಿಯ ಕಿಂಡಿಗಳನ್ನು ಸರಿಪಡಿಸುವ ಪದ್ಧತಿ ಕಿರಿಕಿರಿಯೆನಿಸಿತು. 1883ರಲ್ಲಿ ಆತ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದು, 1885ರಲ್ಲಿ ಮಿಲ್ವಾಕಿಯಲ್ಲಿ ಕಂಪನಿಯನ್ನೂ ಸ್ಥಾಪಿಸಿದ. ಇಂದಿನ ಜಾನ್ಸನ್ ಕಂಟ್ರೋಲ್ಸ್ ಅದೇ ಕಂಪನಿಯ ಮುಂದುವರಿಕೆ.

ಥರ್ಮೋಸ್ಟಾಟ್ ಕೇಳುವುದು ಒಂದೇ ಪ್ರಶ್ನೆ: ಕೊಠಡಿ ಎಷ್ಟು ಬಿಸಿಯಾಗಿದೆ? ಆಧುನಿಕ ನಿಯಂತ್ರಕವು ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತದೆ: ಕೊಠಡಿಯಲ್ಲಿ ಯಾರಾದರೂ ಇದ್ದಾರೆಯೇ? ಈ ಎರಡನೆಯ ಪ್ರಶ್ನೆಗೆ ಸಿಗುವ ಉತ್ತರವನ್ನೇ ಅದರ ‘ಸ್ಥಿತಿ’ ಅಥವಾ ಮೋಡ್ ಎನ್ನುತ್ತಾರೆ.

ರೇಷ್ಮೆಹುಳು ಸಾಕುವವರಿಗೆ ಹೊಸದಲ್ಲ

ಸ್ಥಿತಿಗೆ ತಕ್ಕಂತೆ ಉಷ್ಣತೆಯನ್ನು ಬದಲಿಸುವ ಕಲ್ಪನೆ ಈ ಜಿಲ್ಲೆಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ವಿಜಯಪುರದ ಸುತ್ತಮುತ್ತಲಿನ ರೇಷ್ಮೆ ಬೆಳೆಗಾರರನ್ನು ಕೇಳಿದರೆ, ಮೊದಲ ಜ್ವರದ ಚಾಕಿ ಹುಳುವಿಗೆ ಸುಮಾರು 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 85ರಿಂದ 90ರಷ್ಟು ತೇವಾಂಶ ಬೇಕೆಂದೂ, ಹುಳು ಬೆಳೆದಂತೆ ಹಂತಕ್ಕೊಂದು ಡಿಗ್ರಿಯಂತೆ ಇಳಿಸುತ್ತಾ ಐದನೆಯ ಹಂತಕ್ಕೆ ಸುಮಾರು 24 ಡಿಗ್ರಿ, ಶೇ. 70ರಷ್ಟು ತೇವಾಂಶಕ್ಕೆ ತರಬೇಕೆಂದೂ ಹೇಳುತ್ತಾರೆ. ಮನೆ ಅದೇ, ತಟ್ಟೆ ಅದೇ. ಒಳಗಿರುವ ಜೀವದ ಸ್ಥಿತಿ ಬದಲಾದಂತೆ ಗುರಿಯ ಉಷ್ಣತೆ ಬದಲಾಗುತ್ತದೆ. ಹುಳುವಿಗೆ ಇಷ್ಟು ಎಚ್ಚರಿಕೆ ವಹಿಸುವ ಊರಿನಲ್ಲಿ, ಜನರೇ ಇಲ್ಲದ ಕಚೇರಿಯನ್ನು 22 ಡಿಗ್ರಿಯಲ್ಲಿ ತಂಪಾಗಿರಿಸುವುದು ವಿಚಿತ್ರವೇ ಸರಿ.

ನಾಲ್ಕು ಸ್ಥಿತಿಗಳು

ಕಟ್ಟಡಗಳ ನಿಯಂತ್ರಕಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸ್ಥಿತಿಗಳಿರುತ್ತವೆ. ಜನರಿರುವ ಸ್ಥಿತಿ, ಕೆಲಸದ ವೇಳೆಯಾದರೂ ಸದ್ಯಕ್ಕೆ ಕೊಠಡಿ ಖಾಲಿಯಿರುವ ನಿರೀಕ್ಷಣಾ ಸ್ಥಿತಿ, ಜನರಿಲ್ಲದ ಸ್ಥಿತಿ, ಹಾಗೂ ವೇಳೆ ಮೀರಿದ ಮೇಲೆ ಯಾರೋ ಗುಂಡಿ ಒತ್ತಿ ತಾತ್ಕಾಲಿಕವಾಗಿ ಪಡೆಯುವ ಹೆಚ್ಚುವರಿ ಅವಧಿಯ ಸ್ಥಿತಿ. ಇವುಗಳಲ್ಲಿ ಮೊದಲಿನ ಮೂರಕ್ಕೂ ತಂಪಿಗೊಂದು, ಬಿಸಿಗೊಂದು ಎಂದು ಎರಡೆರಡು ಗುರಿ ಉಷ್ಣತೆಗಳಿರುತ್ತವೆ. ಒಟ್ಟು ಆರು ಅಂಕಿಗಳು. ನಾಲ್ಕನೆಯ ಸ್ಥಿತಿಯು ಮೊದಲನೆಯದರ ಅಂಕಿಗಳನ್ನೇ ಎರವಲು ಪಡೆಯುತ್ತದೆ.

ಬೇರೆ ಬೇರೆ ಕಂಪನಿಗಳ ನಿಯಂತ್ರಕಗಳು ಪರಸ್ಪರ ಮಾತನಾಡಲೆಂದು ರೂಪುಗೊಂಡ ಲಾನ್‌ಮಾರ್ಕ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಈ ಆರು ಅಂಕಿಗಳನ್ನು ಮೊದಲೇ ತುಂಬಿಡಲಾಗಿದೆ. ತಂಪಿಗೆ ಕ್ರಮವಾಗಿ 23, 25 ಮತ್ತು 28 ಡಿಗ್ರಿ. ಬಿಸಿಗೆ 21, 19 ಮತ್ತು 16 ಡಿಗ್ರಿ. ಅಂದರೆ ಜನರಿರುವಾಗ ಕೊಠಡಿ 23 ಡಿಗ್ರಿಯನ್ನು ದಾಟಿದರೆ ಕಂಪ್ರೆಸರ್ ಚಾಲೂ ಆಗುತ್ತದೆ, 21ಕ್ಕಿಂತ ಕೆಳಗಿಳಿದರೆ ಹೀಟರ್ ಚಾಲೂ ಆಗುತ್ತದೆ. ಈ ಎರಡರ ನಡುವಿನ 2 ಡಿಗ್ರಿ ಅಂತರದಲ್ಲಿ ಎರಡೂ ಸುಮ್ಮನಿರುತ್ತವೆ. ಈ ಸುಮ್ಮನಿರುವ ಪಟ್ಟಿಯೇ ಉಳಿತಾಯದ ಮೂಲ. ಜನರಿಲ್ಲದಾಗ ಅದು 16ರಿಂದ 28ರವರೆಗೆ, ಅಂದರೆ 12 ಡಿಗ್ರಿಯಷ್ಟು ಅಗಲವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಅಂಕಿಗಳು ಚಳಿದೇಶಗಳ ಕಚೇರಿಗಳಿಗೆ ಹೊಂದುವಂಥವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ದೇವನಹಳ್ಳಿ, ದೊಡ್ಡಬಳ್ಳಾಪುರಗಳಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಜಾವ ಚಳಿಯಿರುವುದು ನಿಜವಾದರೂ, ಕಚೇರಿಗೆ ಹೀಟರ್ ಬೇಕಾಗುವಷ್ಟು ಇರುವುದಿಲ್ಲ. ಆಮದು ಮಾಡಿದ ನಿಯಂತ್ರಕದಲ್ಲಿ ಬಿಸಿ ಮಾಡುವ ಆಯ್ಕೆಯನ್ನು ಮುಚ್ಚದೆ ಹಾಗೆಯೇ ಬಿಟ್ಟರೆ, ತೇವಾಂಶ ತೆಗೆಯಲೆಂದು ಹೀಟರ್ ಅಳವಡಿಸಿರುವ ಘಟಕಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಹೀಟರ್ ಉರಿದು, ಹತ್ತಕ್ಕೆ ಕಂಪ್ರೆಸರ್ ಅದೇ ಬಿಸಿಯನ್ನು ಹೊರದಬ್ಬುವ ಸನ್ನಿವೇಶ ಉಂಟಾಗುತ್ತದೆ. ಎರಡೂ ಕೆಲಸಕ್ಕೆ ಉದ್ಯಮಿಯೇ ಹಣ ತೆರುತ್ತಾನೆ. ಒಂದೇ ಹಾಲಿನಲ್ಲಿ ಎರಡು ಯಂತ್ರಗಳಿದ್ದು, ಒಂದಕ್ಕೆ 21, ಇನ್ನೊಂದಕ್ಕೆ 25 ಎಂದು ಬೇರೆ ಬೇರೆ ಗುರಿ ಕೊಟ್ಟಿದ್ದರಂತೂ ಮೊದಲನೆಯದು ಇಡೀ ಹಾಲಿನ ಭಾರವನ್ನು ಹೊತ್ತು ದಿನವಿಡೀ ಓಡುತ್ತಲೇ ಇರುತ್ತದೆ.

ಯಾರ ಮಾತು ನಡೆಯಬೇಕು?

ಕೊಠಡಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನಿಯಂತ್ರಕವು ಮೂರು ಮೂಲಗಳಿಂದ ತಿಳಿಯುತ್ತದೆ. ಮೊದಲನೆಯದು ವೇಳಾಪಟ್ಟಿ. ಎರಡನೆಯದು ಮನುಷ್ಯರ ಚಲನೆಯನ್ನು ಗುರುತಿಸುವ ಸೆನ್ಸರ್. ಮೂರನೆಯದು ನೇರ ಆದೇಶ, ಅಂದರೆ ಗೋಡೆಯ ಗುಂಡಿ ಅಥವಾ ಮೇಲ್ವಿಚಾರಕನ ಕಂಪ್ಯೂಟರಿನಿಂದ ಬರುವ ಅಪ್ಪಣೆ. ಮೂರೂ ಬೇರೆ ಬೇರೆ ಹೇಳಿದಾಗ ಯಾವುದನ್ನು ಕೇಳಬೇಕು? ಸಾಮಾನ್ಯ ಕ್ರಮವು ಹೀಗಿದೆ. ಮೇಲ್ವಿಚಾರಕನ ನೇರ ಆದೇಶವಿದ್ದರೆ ಅದೇ ಅಂತಿಮ. ಅದಿಲ್ಲದಿದ್ದರೆ ವೇಳಾಪಟ್ಟಿ. ವೇಳಾಪಟ್ಟಿಯು ‘ಕೆಲಸದ ಸಮಯ’ ಎಂದರೂ ಸೆನ್ಸರ್ ‘ಯಾರೂ ಇಲ್ಲ’ ಎಂದರೆ ಕೊಠಡಿಯು ಪೂರ್ತಿ ಆರದೆ ನಿರೀಕ್ಷಣಾ ಸ್ಥಿತಿಗೆ ಇಳಿಯುತ್ತದೆ. ವೇಳಾಪಟ್ಟಿಯು ‘ರಜೆ’ ಎಂದಾಗ ಸೆನ್ಸರ್ ಯಾರನ್ನೋ ಕಂಡರೆ ಹಲವು ನಿಯಂತ್ರಕಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾತ್ರಿ ಸುತ್ತು ಹೊಡೆಯುವ ಕಾವಲುಗಾರನಿಗಾಗಿ ಸಭಾಂಗಣ ತಂಪಾಗಬೇಕಾಗಿಲ್ಲ.

ನಿರೀಕ್ಷಣಾ ಸ್ಥಿತಿಯ ಪ್ರಯೋಜನ ಹೆಚ್ಚಾಗಿ ಕಾಣುವುದು ಸಭಾಕೊಠಡಿಗಳಲ್ಲಿ. ದಿನಕ್ಕೆ ಒಂದೂವರೆ ಗಂಟೆ ಬಳಕೆಯಾಗುವ ಸಭಾಕೊಠಡಿಯನ್ನು ಒಂಬತ್ತು ಗಂಟೆಯೂ ತಂಪಾಗಿಡುವ ಪರಿಪಾಠ ಬಹಳ ಕಡೆ ಇದೆ. ಹಾಗೆಂದು ಪೂರ್ತಿ ಆರಿಸಿಬಿಟ್ಟರೆ ಗ್ರಾಹಕರು ಬಂದು ಕುಳಿತ ಮೇಲೆ ಇಪ್ಪತ್ತು ನಿಮಿಷ ಬೆವರಬೇಕಾಗುತ್ತದೆ. ಎರಡು ಡಿಗ್ರಿ ಮೇಲೆ ನಿಂತು ಕಾಯುವ ವ್ಯವಸ್ಥೆಯು ಈ ಎರಡರ ನಡುವಿನ ಒಪ್ಪಂದ.

ಹೆಚ್ಚುವರಿ ಅವಧಿಯ ಗುಂಡಿಯ ಮಹತ್ವ ತಿಳಿಯಬೇಕಾದರೆ ಮಾರ್ಚ್ ಕೊನೆಯ ವಾರದಲ್ಲೋ, ತೆರಿಗೆ ಲೆಕ್ಕಪರಿಶೋಧನೆಯ ಗಡುವಿನ ದಿನಗಳಲ್ಲೋ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗಕ್ಕೆ ರಾತ್ರಿ ಎಂಟಕ್ಕೆ ಭೇಟಿ ನೀಡಬೇಕು. ಇಬ್ಬರು ಗುಮಾಸ್ತರಿಗಾಗಿ ಇಡೀ ಮಹಡಿಯ ಯಂತ್ರ ಓಡುತ್ತಿರುತ್ತದೆ. ಅವರು ಹೊರಟಾಗ ಆರಿಸಲು ಮರೆತರೆ ಬೆಳಗಿನವರೆಗೂ ಓಡುತ್ತದೆ. ಆ ಒಂದು ಕೊಠಡಿಯ ಗುಂಡಿ ಒತ್ತಿದರೆ ಅಲ್ಲಿಗೆ ಮಾತ್ರ, ನಿಗದಿತ ಅವಧಿಯವರೆಗೆ ಮಾತ್ರ ತಂಪು ದೊರೆತು, ಆಮೇಲೆ ತಾನಾಗಿ ನಿಲ್ಲುತ್ತದೆ. ಕೆಲಸ ಮುಗಿಯದಿದ್ದರೆ ಮತ್ತೊಮ್ಮೆ ಒತ್ತಬಹುದು. ಭಾರತದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು 2007ರಲ್ಲಿಯೇ ಈ ಅವಧಿಗೆ ಎರಡು ಗಂಟೆಗಳ ಮಿತಿಯನ್ನು ಸೂಚಿಸಿತ್ತು. ವಾರದಲ್ಲಿ ಮೂರು ಬಗೆಯ ದಿನಗಳಿಗೆ ಬೇರೆ ಬೇರೆ ವೇಳಾಪಟ್ಟಿ, ವಿದ್ಯುತ್ ಹೋದರೂ ಕನಿಷ್ಠ ಹತ್ತು ಗಂಟೆ ಸಮಯ ಮರೆಯದ ಗಡಿಯಾರ, ತಂಪು-ಬಿಸಿ ಎರಡೂ ನೀಡುವ ಯಂತ್ರಕ್ಕೆ 3 ಡಿಗ್ರಿಗಳ ಸುಮ್ಮನಿರುವ ಪಟ್ಟಿ, ಇವೂ ಅದೇ ಸಂಹಿತೆಯ ಮಾತುಗಳೇ. ಚಿಕ್ಕ ಯಂತ್ರಗಳಿಗೆ ವೇಳಾಪಟ್ಟಿಯ ನಿಯಮದಿಂದ ವಿನಾಯಿತಿ ಇತ್ತು. ಸಂಹಿತೆಯನ್ನು 2017ರಲ್ಲಿ ಪರಿಷ್ಕರಿಸಲಾಗಿದ್ದು, ಅದರ ಪ್ರಕಾರ ಅದು 100 ಕಿಲೋವಾಟ್ ಸಂಪರ್ಕಿತ ಭಾರ ಅಥವಾ 120 ಕೆ.ವಿ.ಎ. ಒಪ್ಪಂದದ ಬೇಡಿಕೆ ಇರುವ ವಾಣಿಜ್ಯ ಕಟ್ಟಡಗಳಿಗೆ ಅನ್ವಯಿಸುತ್ತದೆ. ಸಣ್ಣ ಘಟಕಗಳು ಅದರ ವ್ಯಾಪ್ತಿಗೆ ಬಾರದಿದ್ದರೂ, ಯಂತ್ರ ಕೊಳ್ಳುವಾಗ ಮಾರಾಟಗಾರನ ಮುಂದಿಡಲು ಇದಕ್ಕಿಂತ ಒಳ್ಳೆಯ ಪ್ರಶ್ನಾವಳಿ ಸಿಗದು.

ತಕ್ಕಡಿಯ ಲೆಕ್ಕ

ಸ್ಥಿತಿ ನಿರ್ಧಾರವಾದ ಮೇಲೆ ಆ ಗುರಿಯನ್ನು ಮುಟ್ಟುವುದು ಎರಡನೆಯ ಕೆಲಸ. ಹಳೆಯ ಥರ್ಮೋಸ್ಟಾಟ್ ಚಾಲೂ ಅಥವಾ ಬಂದ್ ಎಂಬ ಎರಡೇ ಮಾತನ್ನು ಬಲ್ಲದು. ಗುರಿ 25 ಇದ್ದರೆ 26ಕ್ಕೆ ಚಾಲೂ, 24ಕ್ಕೆ ಬಂದ್. ಹೊಸ ನಿಯಂತ್ರಕವು ಅಂಗಡಿಯಲ್ಲಿ ಅಕ್ಕಿ ತೂಗುವವನಂತೆ ವರ್ತಿಸುತ್ತದೆ. ತಕ್ಕಡಿ ಬಹಳ ಓಲಿದ್ದಾಗ ಸೇರಿನಿಂದ ಸುರಿಯುತ್ತಾನೆ. ಸಮಕ್ಕೆ ಬಂದಂತೆ ಹಿಡಿ, ಕೊನೆಗೆ ಚಿಟಿಕೆ. ಕೊರತೆ ಎಷ್ಟೋ ಅಷ್ಟು ಪ್ರಮಾಣದಲ್ಲಿ ಕೆಲಸ. ಇನ್ವರ್ಟರ್ ಎ.ಸಿ.ಗಳ ಕಂಪ್ರೆಸರ್ ವೇಗ ಹೆಚ್ಚು-ಕಡಿಮೆಯಾಗುವುದರ ಹಿಂದಿನ ತತ್ವವೂ ಇದೇ.

ಆದರೆ ಬರೀ ಚಿಟಿಕೆಯಿಂದ ಒಂದು ತೊಂದರೆಯಿದೆ. ಗುರಿಗೆ ಅರ್ಧ ಡಿಗ್ರಿ ಹತ್ತಿರ ಬಂದಾಗ ಕೆಲಸವೂ ಅಷ್ಟೇ ಕಡಿಮೆಯಾಗಿ, ಕೊಠಡಿಯು ಆ ಅರ್ಧ ಡಿಗ್ರಿಯಲ್ಲೇ ನಿಂತುಬಿಡಬಹುದು. ಆದ್ದರಿಂದ ನಿಯಂತ್ರಕವು ಖಾತೆಪುಸ್ತಕದಂತೆ ಹಿಂದಿನ ಬಾಕಿಯನ್ನೂ ಮುಂದಕ್ಕೆ ತರುತ್ತದೆ. ಪ್ರತಿ ನಿಮಿಷದ ಕೊರತೆಯನ್ನು ಕೂಡುತ್ತಾ ಹೋಗಿ, ಬಾಕಿ ಬೆಳೆದಂತೆ ಯಂತ್ರವನ್ನು ಇನ್ನಷ್ಟು ದುಡಿಸುತ್ತದೆ. ಬಾಕಿ ತೀರಿದಾಗ ಕೈ ಸಡಿಲಿಸುತ್ತದೆ. ಸರಕು ಇಳಿಸಲೆಂದು ಷಟರ್ ತೆರೆದಿಟ್ಟ ಕೋಣೆಯಲ್ಲಿ ಈ ಲೆಕ್ಕವೇ ಮುಳುವಾಗುತ್ತದೆ. ಎಷ್ಟು ದುಡಿದರೂ ಕೊರತೆ ತೀರದೆ ಬಾಕಿ ಬೆಟ್ಟದಷ್ಟಾಗಿ, ಷಟರ್ ಮುಚ್ಚಿದ ನಂತರವೂ ಯಂತ್ರವು ಹಳೆಯ ಸಾಲ ತೀರಿಸುವಂತೆ ಪೂರ್ತಿ ವೇಗದಲ್ಲಿ ಓಡಿ ಕೊಠಡಿಯನ್ನು ಅತಿಯಾಗಿ ತಣಿಸುತ್ತದೆ. ಬಾಗಿಲಿಗೆ ಒಂದು ಸರಳ ಸ್ವಿಚ್ಚು ಹಾಕಿ, ತೆರೆದಾಗ ನಿಯಂತ್ರಕವನ್ನು ಜನರಿಲ್ಲದ ಸ್ಥಿತಿಗೆ ಕಳುಹಿಸುವುದು ಇದಕ್ಕಿರುವ ಅಗ್ಗದ ಪರಿಹಾರ.

ಸೆನ್ಸರ್ ಇರುವ ಜಾಗವೂ ಮುಖ್ಯ. ಜೆರಾಕ್ಸ್ ಯಂತ್ರದ ಹಿಂದೆ, ಪಶ್ಚಿಮದ ಬಿಸಿಲು ಬೀಳುವ ಗೋಡೆಯ ಮೇಲೆ ಅಥವಾ ತಣ್ಣನೆಯ ಗಾಳಿ ನೇರವಾಗಿ ಬಡಿಯುವಲ್ಲಿ ಅದನ್ನು ಕೂರಿಸಿದರೆ, ಅತ್ಯುತ್ತಮ ನಿಯಂತ್ರಕವೂ ತಪ್ಪು ಅಂಕಿಯನ್ನು ಆಧರಿಸಿ ಸರಿಯಾದ ಲೆಕ್ಕ ಮಾಡುತ್ತಿರುತ್ತದೆ. ಲೆಕ್ಕಪತ್ರದವರಿಗೆ ಈ ಪರಿಸ್ಥಿತಿ ಚಿರಪರಿಚಿತ.

ಸೋಮವಾರದ ಬೆಳಿಗ್ಗೆ

ಭಾನುವಾರವಿಡೀ ಮುಚ್ಚಿದ್ದ ಕಟ್ಟಡವು ಏಪ್ರಿಲ್ ತಿಂಗಳ ಸೋಮವಾರ ಬೆಳಿಗ್ಗೆ ಗೋಡೆ, ಛಾವಣಿ, ಪೀಠೋಪಕರಣಗಳಲ್ಲೆಲ್ಲ ಬಿಸಿಯನ್ನು ತುಂಬಿಕೊಂಡಿರುತ್ತದೆ. ಒಂಬತ್ತಕ್ಕೆ ಬಂದವರು ತಂಪು ಬೇಗ ಬರಲೆಂದು ಎಲ್ಲ ಯಂತ್ರಗಳನ್ನೂ 18ಕ್ಕೆ ಇಡುತ್ತಾರೆ. ಒಂದೇ ವೇಗದಲ್ಲಿ ಓಡುವ ಸಾಮಾನ್ಯ ಯಂತ್ರವು 18ಕ್ಕಿಟ್ಟರೂ 25ಕ್ಕಿಟ್ಟರೂ ಒಂದೇ ವೇಗದಲ್ಲಿ ತಣಿಸುತ್ತದೆ. ವ್ಯತ್ಯಾಸವೆಂದರೆ 25ಕ್ಕೆ ನಿಲ್ಲುವ ಬದಲು ಮಧ್ಯಾಹ್ನದವರೆಗೂ ನಿಲ್ಲದಿರುವುದು. ಅದೇ ಹೊತ್ತಿಗೆ ಕಾರ್ಖಾನೆಯ ಯಂತ್ರಗಳು, ಏರ್ ಕಂಪ್ರೆಸರುಗಳು ಎಲ್ಲವೂ ಒಟ್ಟಿಗೆ ಚಾಲೂ ಆಗುತ್ತವೆ.

ಹೈಟೆನ್ಷನ್ ಗ್ರಾಹಕರ ಮಟ್ಟಿಗೆ ದುಬಾರಿಯಾದ ಕ್ಷಣ ಇದು. ಬೆಸ್ಕಾಂ ಬಿಲ್ಲಿನಲ್ಲಿ ಬಳಸಿದ ಯೂನಿಟ್ಟುಗಳ ಹಣವಲ್ಲದೆ ಬೇಡಿಕೆ ಶುಲ್ಕವೂ ಇರುತ್ತದೆ. ಮೀಟರು ತಿಂಗಳಿನಲ್ಲಿ ಕೆಲವೇ ನಿಮಿಷಗಳ ಅವಧಿಯಲ್ಲಿ ದಾಖಲಾದ ಗರಿಷ್ಠ ಕೆ.ವಿ.ಎ.ಯನ್ನು ನೆನಪಿಟ್ಟುಕೊಳ್ಳುತ್ತದೆ. ಅದು ಒಪ್ಪಂದದ ಬೇಡಿಕೆಯನ್ನು ಮೀರಿದರೆ ಹೆಚ್ಚುವರಿಗೆ ದಂಡದ ದರ. ಒಂದು ಸೋಮವಾರದ ಹತ್ತಿಪ್ಪತ್ತು ನಿಮಿಷಗಳ ಅವಸರಕ್ಕೆ ಇಡೀ ತಿಂಗಳು ಬೆಲೆ ತೆರಬೇಕಾಗುತ್ತದೆ.

ಉತ್ತಮ ನಿಯಂತ್ರಕವು ಇದನ್ನು ಎರಡು ರೀತಿಯಲ್ಲಿ ತಪ್ಪಿಸುತ್ತದೆ. ಮೊದಲನೆಯದು ಯಂತ್ರಗಳನ್ನು ಒಂದರ ಹಿಂದೊಂದರಂತೆ, ಕೆಲವು ನಿಮಿಷಗಳ ಅಂತರದಲ್ಲಿ ಚಾಲೂ ಮಾಡುವುದು. ಎರಡನೆಯದು ಸೂಕ್ತ ಸಮಯದ ಆರಂಭ. ನಿಯಂತ್ರಕವು ತನ್ನ ಕೊಠಡಿ ಒಂದು ಡಿಗ್ರಿ ಇಳಿಯಲು ಎಷ್ಟು ನಿಮಿಷ ಬೇಕೆಂಬುದನ್ನು ದಿನದಿನದ ಅನುಭವದಿಂದ ಕಲಿಯುತ್ತದೆ. ಉದಾಹರಣೆಗೆ, ಒಂದು ಡಿಗ್ರಿಗೆ 8 ನಿಮಿಷ ಎಂದಿಟ್ಟುಕೊಂಡರೆ, ಬೆಳಿಗ್ಗೆ 29 ಡಿಗ್ರಿ ಇರುವ ಕೊಠಡಿಯನ್ನು ಒಂಬತ್ತಕ್ಕೆ 25ಕ್ಕೆ ತರಲು 32 ನಿಮಿಷ ಬೇಕು. ಆದ್ದರಿಂದ 8 ಗಂಟೆ 28 ನಿಮಿಷಕ್ಕೆ ಆರಂಭ. ಡಿಸೆಂಬರಿನಲ್ಲಿ ಕೊಠಡಿ 22 ಡಿಗ್ರಿಯಲ್ಲಿದ್ದರೆ ಆರಂಭವೇ ಬೇಡ. ಹೊರಗಿನ ತಂಪು ಗಾಳಿಯನ್ನು ಫ್ಯಾನಿನಿಂದ ಒಳತಂದರೆ ಸಾಕು. ಬೆಂಗಳೂರು ಸುತ್ತಲಿನ ಹವೆಯ ಈ ವರವನ್ನು ಚೆನ್ನೈ, ಹೈದರಾಬಾದಿನ ಉದ್ಯಮಿಗಳು ಪಡೆದಿಲ್ಲ. ಗಾಜಿನ ಕಿಟಕಿಗಳನ್ನು ಶಾಶ್ವತವಾಗಿ ಮುಚ್ಚಿ ಅದನ್ನು ಕಳೆದುಕೊಳ್ಳುವವರು ಮಾತ್ರ ಇಲ್ಲಿ ಬೇಕಾದಷ್ಟಿದ್ದಾರೆ.

ಜನರೇಟರಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ವಿದ್ಯುತ್ ಹೋಗಿ ಡೀಸೆಲ್ ಜನರೇಟರ್ ಚಾಲೂ ಆದಾಗ ಆ ಸಂಕೇತವನ್ನು ನಿಯಂತ್ರಕಕ್ಕೆ ಒಂದು ತಂತಿಯ ಮೂಲಕ ತಲುಪಿಸಿದರೆ, ಅದು ಎಲ್ಲ ಕೊಠಡಿಗಳನ್ನೂ ನಿರೀಕ್ಷಣಾ ಸ್ಥಿತಿಗೆ ಇಳಿಸಬಲ್ಲದು. ವಿದ್ಯುತ್ ಮರಳಿದಾಗ ಕಂಪ್ರೆಸರನ್ನು ತಕ್ಷಣ ಚಾಲೂ ಮಾಡದೆ ಮೂರರಿಂದ ಐದು ನಿಮಿಷ ಕಾಯುವ ವ್ಯವಸ್ಥೆಯೂ ಇರಬೇಕು. ಇದಿಲ್ಲದಿದ್ದರೆ ಬಾಳಿಕೆಯೇ ಕಡಿಮೆಯಾಗುತ್ತದೆ.

ಎಷ್ಟು ಡಿಗ್ರಿ ಸರಿ?

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಮಂಡಳಿಯು ಗುರಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಹೇಳುತ್ತದೆ. ಸ್ಟಾರ್ ಗುರುತಿನ ಕೊಠಡಿ ಎ.ಸಿ.ಗಳು 2020ರ ಜನವರಿ 1ರಿಂದ ಚಾಲೂ ಮಾಡಿದಾಗ 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮ ಜಾರಿಗೆ ಬಂದದ್ದು ಈ ಕಾರಣಕ್ಕೆ. ಬಳಕೆದಾರ ಅದನ್ನು ಇಳಿಸಲು ಅಡ್ಡಿಯಿಲ್ಲ. ಇಳಿಸಲು ಗುಂಡಿ ಒತ್ತುವ ಶ್ರಮವಷ್ಟೇ.

ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತೀಯ ಕಚೇರಿಗಳ ಅಧ್ಯಯನದಿಂದ ರೂಪಿಸಿದ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸೇರಿರುವ ಸೂತ್ರವೊಂದು ಇನ್ನಷ್ಟು ಉಪಯುಕ್ತ. ಕೆಲವು ಕಾಲ ಕಿಟಕಿ-ಫ್ಯಾನು, ಕೆಲವು ಕಾಲ ಎ.ಸಿ. ಬಳಸುವ ಕಟ್ಟಡಗಳಿಗೆ, ಹೊರಗಿನ ಸರಾಸರಿ ಉಷ್ಣತೆಯನ್ನು 0.28ರಿಂದ ಗುಣಿಸಿ 17.87 ಕೂಡಿದರೆ ಹಿತವಾದ ಒಳಾಂಗಣ ಉಷ್ಣತೆ ದೊರೆಯುತ್ತದೆ. ಕಳೆದ ಕೆಲವು ವಾರಗಳ ಹೊರಗಿನ ಸರಾಸರಿ 28 ಡಿಗ್ರಿ ಇದ್ದರೆ ಉತ್ತರ ಸುಮಾರು 25.7, ಸರಾಸರಿ 21 ಇದ್ದರೆ ಸುಮಾರು 23.8. ಸೆಕೆಗಾಲದಲ್ಲಿ ದೇಹವು ಸೆಕೆಗೆ ಒಗ್ಗಿರುತ್ತದೆಂಬ ಸಾಮಾನ್ಯ ಅನುಭವಕ್ಕೆ ಇದು ಅಂಕಿಯ ರೂಪ. ಅಂದಮೇಲೆ ಏಪ್ರಿಲಿನಲ್ಲಿ 22ಕ್ಕೆ ಇಡುವುದು ಹಣ ಕೊಟ್ಟು ನೆಗಡಿ ಕೊಳ್ಳುವುದಕ್ಕೆ ಸಮ.

ಮಳೆಗಾಲದಲ್ಲಿ ಮಾತ್ರ ಬರೀ ಉಷ್ಣತೆಯನ್ನು ನೋಡಿದರೆ ಸಾಲದು. ಜುಲೈ-ಆಗಸ್ಟಿನಲ್ಲಿ ರಾತ್ರಿ 28ರ ಗುರಿ ಇಟ್ಟರೆ ಯಂತ್ರವು ಓಡುವ ಪ್ರಸಂಗವೇ ಬರುವುದಿಲ್ಲ. ಆದರೆ ತೇವಾಂಶ ಏರಿ ರಟ್ಟಿನ ಪೆಟ್ಟಿಗೆ ಮೆತ್ತಗಾಗುತ್ತದೆ, ಬಟ್ಟೆಯ ದಾಸ್ತಾನಿಗೆ ಬೂಷ್ಟು ಹಿಡಿಯುತ್ತದೆ. ಉಡುಪು, ಔಷಧ ಮತ್ತು ಎಲೆಕ್ಟ್ರಾನಿಕ್ ಬಿಡಿಭಾಗಗಳ ದಾಸ್ತಾನು ಕೊಠಡಿಗಳಿಗೆ ತೇವಾಂಶದ ಸೆನ್ಸರ್ ಇರುವ ನಿಯಂತ್ರಕವನ್ನೇ ಆರಿಸಬೇಕು. ಗುಲಾಬಿಯಂಥ ಹೂವಿನ ಶೀತಲಗೃಹಗಳಿಗಂತೂ ಜನರ ಇರುವಿಕೆಯ ಲೆಕ್ಕವೇ ಅನ್ವಯಿಸದು. ಅಲ್ಲಿ ಸದಾ ‘ಇರುವವನು’ ಹೂವು.

ರಾತ್ರಿಯೂ ಆರಿಸಬಾರದ ಕೊಠಡಿ

ಉಳಿತಾಯದ ಉತ್ಸಾಹದಲ್ಲಿ ಕೈಸುಟ್ಟುಕೊಳ್ಳುವ ಸ್ಥಳವೂ ಒಂದಿದೆ. ವಿಮಾನ ಬಿಡಿಭಾಗ, ಆಟೋಮೊಬೈಲ್ ಬಿಡಿಭಾಗ ತಯಾರಿಸುವ ಘಟಕಗಳ ಅಳತೆ ಕೊಠಡಿ ಅದು. ಜಗತ್ತಿನ ಎಲ್ಲ ಯಾಂತ್ರಿಕ ನಕ್ಷೆಗಳಲ್ಲಿನ ಅಳತೆಗಳನ್ನು, ಬೇರೆ ಸೂಚನೆ ಇಲ್ಲದಿದ್ದರೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಅಳತೆಗಳೆಂದೇ ಗಣಿಸಲಾಗುತ್ತದೆ. 1931ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ಈ ಉಷ್ಣತೆಯು ಇಂದು ಐಎಸ್‌ಒ 1 ಎಂಬ ಮಾನಕದಲ್ಲಿದೆ.

ಅಲ್ಯೂಮಿನಿಯಂ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಉಕ್ಕು ಅದರ ಅರ್ಧದಷ್ಟು. ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ ಭಾಗವನ್ನು 24 ಡಿಗ್ರಿಯಲ್ಲಿ ಅಳೆದರೆ ಅದು 20 ಡಿಗ್ರಿಯಲ್ಲಿರುವುದಕ್ಕಿಂತ 46 ಮೈಕ್ರಾನ್ ಉದ್ದವಾಗಿ ಕಾಣುತ್ತದೆ. ನಕ್ಷೆಯು 50 ಮೈಕ್ರಾನ್ ಮಾತ್ರ ವ್ಯತ್ಯಾಸಕ್ಕೆ ಅವಕಾಶ ಕೊಟ್ಟಿದ್ದರೆ, ಆ ಅವಕಾಶವನ್ನೆಲ್ಲ ಹವೆಯೇ ನುಂಗಿದಂತಾಯಿತು. ಸರಿಯಾದ ಸರಕು ತಿರಸ್ಕೃತವಾಗಬಹುದು. ಅದಕ್ಕಿಂತ ಕೆಟ್ಟದಾಗಿ, ತಪ್ಪಾದ ಸರಕು ತೇರ್ಗಡೆಯಾಗಿ ಗ್ರಾಹಕನ ಬಾಗಿಲಿನಿಂದ ವಾಪಸು ಬರಬಹುದು. ಒಂದು ಬಾರಿ ವಾಪಸಾದ ಸರಕಿನ ಸಾಗಣೆ ವೆಚ್ಚವು ಆ ಕೊಠಡಿಯ ವರ್ಷದ ವಿದ್ಯುತ್ ಬಿಲ್ಲನ್ನು ಮೀರಿದರೂ ಆಶ್ಚರ್ಯವಿಲ್ಲ.

ಇಂಥ ಕೊಠಡಿಯಲ್ಲಿ ರಾತ್ರಿ 28ರ ಗುರಿ ಇಟ್ಟು ಬೆಳಿಗ್ಗೆ 20ಕ್ಕೆ ತಂದರೆ ಗಾಳಿ ಅರ್ಧ ಗಂಟೆಯಲ್ಲಿ ತಣ್ಣಗಾದರೂ, ಟನ್‌ಗಟ್ಟಲೆ ತೂಗುವ ಗ್ರಾನೈಟ್ ಮೇಜು ಮತ್ತು ಅಳೆಯಬೇಕಾದ ಭಾಗಗಳು ಗಂಟೆಗಟ್ಟಲೆ ತಣಿಯುವುದಿಲ್ಲ. ಗೋಡೆಯ ಮೇಲಿನ ಅಂಕಿ 20 ಎನ್ನುತ್ತಿರುತ್ತದೆ, ಮೇಜು 24ರಲ್ಲಿರುತ್ತದೆ. ಆದ್ದರಿಂದ ಅಳತೆ ಕೊಠಡಿಗೆ ವೇಳಾಪಟ್ಟಿ ಬೇಡ; ವರ್ಷವಿಡೀ ಒಂದೇ ಸ್ಥಿತಿ. ಉಳಿತಾಯ ಬೇಕಿದ್ದರೆ ಆ ಕೊಠಡಿಯನ್ನು ಚಿಕ್ಕದಾಗಿ, ಕಟ್ಟಡದ ನಡುಭಾಗದಲ್ಲಿ, ಹೊರಗೋಡೆಯಿಲ್ಲದಂತೆ ಕಟ್ಟಿಕೊಳ್ಳಬೇಕು.

ಹಣದ ಲೆಕ್ಕ

ಈಗ ಒಂದು ಮಾದರಿ ಲೆಕ್ಕ. ಇದು ಉದಾಹರಣೆಗಾಗಿ ಮಾಡಿಕೊಂಡ ಊಹೆಯೇ ಹೊರತು ಯಾವುದೇ ಘಟಕದ ಲೆಕ್ಕವಲ್ಲ. ಒಟ್ಟು 10 ಟನ್ ಹವಾನಿಯಂತ್ರಣವಿರುವ ಕಚೇರಿ. ಪೂರ್ಣ ಭಾರದಲ್ಲಿ 12 ಕಿಲೋವಾಟ್, ಸರಾಸರಿ 6 ಕಿಲೋವಾಟ್. ತಿಂಗಳಿಗೆ 26 ದಿನ, ಯೂನಿಟ್ಟಿಗೆ 8 ರೂ. ಎಂದಿಟ್ಟುಕೊಳ್ಳೋಣ. ದಿನಕ್ಕೆ ಎರಡು ಗಂಟೆ ಅನಗತ್ಯವಾಗಿ ಓಡುವುದು ತಪ್ಪಿದರೆ 312 ಯೂನಿಟ್, ಅಂದರೆ 2,496 ರೂ. ಉಳಿಯುತ್ತದೆ. ಗುರಿಯನ್ನು 22ರಿಂದ 25ಕ್ಕೆ ಏರಿಸಿದರೆ, ದಿನದ ಒಂಬತ್ತು ಗಂಟೆಗಳ ಬಳಕೆಯಾದ 1,404 ಯೂನಿಟ್ಟಿನಲ್ಲಿ ಸುಮಾರು ಶೇ. 17, ಅಂದರೆ 240 ಯೂನಿಟ್ ಅಥವಾ 1,900 ರೂ. ಎರಡೂ ಸೇರಿ ತಿಂಗಳಿಗೆ ಸುಮಾರು 4,400 ರೂ. ನಿಯಂತ್ರಕ, ಸೆನ್ಸರ್, ಜೋಡಣೆ ಸೇರಿ 60,000 ರೂ. ತಗಲಿದರೆ ಹದಿನಾಲ್ಕು ತಿಂಗಳಿಗೆ ಬಂಡವಾಳ ವಾಪಸು.

ಆದರೆ ಮಾರಾಟಗಾರನು ತೋರಿಸುವ ಇಂಥ ಲೆಕ್ಕವನ್ನು ಹಾಗೆಯೇ ನುಂಗಬಾರದು. ಮೊದಲನೆಯ 2,496 ರೂ. ಉಳಿಯುವುದು ಈಗ ಅಷ್ಟು ವ್ಯರ್ಥವಾಗುತ್ತಿದ್ದರೆ ಮಾತ್ರ. ಕಾವಲುಗಾರ ನಿಜಕ್ಕೂ ಆರಕ್ಕೆ ಆರಿಸುತ್ತಿದ್ದರೆ ಅದು ಶೂನ್ಯ. ಎರಡನೆಯ 1,900 ರೂ.ಗೆ ಹೊಸ ನಿಯಂತ್ರಕವೇ ಬೇಕಿಲ್ಲ. ಈಗಿರುವ ರಿಮೋಟನ್ನು ವ್ಯವಸ್ಥಾಪಕರು ತಮ್ಮ ಮೇಜಿನ ಖಾನೆಯಲ್ಲಿಟ್ಟರೆ ಸಾಕು. ಎರಡು-ಮೂರು ಯಂತ್ರಗಳಿರುವ ಕಚೇರಿಗೆ ದುಬಾರಿ ವ್ಯವಸ್ಥೆ ಅನಗತ್ಯ. ಹತ್ತಾರು ಕೊಠಡಿ, ಎರಡು ಪಾಳಿ, ಹೈಟೆನ್ಷನ್ ಸಂಪರ್ಕ ಇರುವಲ್ಲಿ ಮಾತ್ರ ಅದರ ಅರ್ಥ ಬೇರೆ. ಕೊಳ್ಳುವ ಮುನ್ನ ಒಂದು ತಿಂಗಳು ಎ.ಸಿ. ಸಾಲಿಗೆ ಪ್ರತ್ಯೇಕ ಸಬ್‌ಮೀಟರ್ ಹಾಕಿ, ಶನಿವಾರ ಸಂಜೆ ಮತ್ತು ಸೋಮವಾರ ಬೆಳಿಗ್ಗೆಯ ಅಂಕಿಗಳನ್ನು ಬರೆದಿಡುವುದು ವಿವೇಕದ ಹಾದಿ.

ತೆರಿಗೆಯ ವಿಷಯದಲ್ಲಿ ಮೂರು ಅಂಶಗಳು ಗಮನಾರ್ಹ. ಎ.ಸಿ.ಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಹೂಡುವಳಿ ತೆರಿಗೆಯ ಜಮೆ ಪಡೆಯುವಾಗ, ಯಂತ್ರೋಪಕರಣದ ಬೆಲೆ ಮತ್ತು ಕಟ್ಟಡ ಕಾಮಗಾರಿಯ ಬೆಲೆ ಒಂದೇ ಗುತ್ತಿಗೆಯ ಇನ್‌ವಾಯ್ಸಿನಲ್ಲಿ ಕಲೆತಿದ್ದರೆ, ಸ್ಥಿರಾಸ್ತಿ ನಿರ್ಮಾಣವೆಂಬ ಆಕ್ಷೇಪಣೆಗೆ ಕಲಂ 17(5) ಅಡಿಯಲ್ಲಿ ಅವಕಾಶವಾಗುತ್ತದೆ. ಬಿಲ್ಲುಗಳನ್ನು ಬೇರ್ಪಡಿಸಿ ಪಡೆಯುವುದು ಕ್ಷೇಮ. ಇನ್ನು ಸವಕಳಿ: 1962ರ ಆದಾಯ ತೆರಿಗೆ ನಿಯಮಗಳ ಪಟ್ಟಿಯು ಸಾಮಾನ್ಯ ಯಂತ್ರಗಳಿಗೆ ಶೇ. 15 ನೀಡಿದರೆ, ಇಂಧನ ಹರಿವಿನ ಮೇಲೆ ನಿಗಾ ಇಡುವ ಉಪಕರಣಗಳ ಗುಂಪಿನಲ್ಲಿ ಮೈಕ್ರೋಪ್ರೊಸೆಸರ್ ಆಧಾರಿತ ನಿಯಂತ್ರಣ ವ್ಯವಸ್ಥೆಗಳನ್ನು ಹೆಸರಿಸಿ ಹಿಂದೆ ಶೇ. 80, ನಂತರ ಶೇ. 40 ನೀಡಿತ್ತು. ಎ.ಸಿ.ಯೊಳಗೇ ಕೂತು ಬರುವ ಥರ್ಮೋಸ್ಟಾಟಿಗೆ ಈ ದರ ಕೇಳುವುದು ಸಮರ್ಥನೀಯವಲ್ಲ. ಪ್ರತ್ಯೇಕವಾಗಿ ಕೊಂಡ ವ್ಯವಸ್ಥೆಗೆ ಮಾತ್ರ ವಾದಕ್ಕೆ ಆಸ್ಪದವಿದೆ. 2025ರ ಹೊಸ ಆದಾಯ ತೆರಿಗೆ ಕಾಯಿದೆಗೆ 2026ರ ಏಪ್ರಿಲ್ 1 ಜಾರಿಯ ದಿನಾಂಕವಾಗಿರುವುದರಿಂದ, ಆಯಾ ವರ್ಷಕ್ಕೆ ಅನ್ವಯಿಸುವ ಪಟ್ಟಿಯನ್ನು ನೋಡಿಯೇ ದರವನ್ನು ನಮೂದಿಸಬೇಕು.

ಕೊನೆಯದಾಗಿ, ವ್ಯವಸ್ಥೆಯನ್ನು ವಹಿಸಿಕೊಳ್ಳುವ ದಿನದ ಮಾತು. ಗುತ್ತಿಗೆದಾರನಿಂದ ಪ್ರತಿ ಕೊಠಡಿಯ ಆರು ಅಂಕಿಗಳ ಲಿಖಿತ ಪಟ್ಟಿ, ವಾರದ ವೇಳಾಪಟ್ಟಿ, ನಿಯಂತ್ರಕದ ಪಾಸ್‌ವರ್ಡ್ ಇವಿಷ್ಟನ್ನೂ ಪಡೆಯದೆ ಕೊನೆಯ ಕಂತನ್ನು ಬಿಡುಗಡೆ ಮಾಡಬಾರದು. ವ್ಯವಸ್ಥೆಯು ಬ್ಯಾಕ್‌ನೆಟ್ ಅಥವಾ ಮಾಡ್‌ಬಸ್‌ನಂಥ ಮುಕ್ತ ಭಾಷೆಯನ್ನು ಬಲ್ಲದೇ ಎಂದು ಖರೀದಿ ಆದೇಶದಲ್ಲಿಯೇ ಬರೆಸಬೇಕು; ಇಲ್ಲವಾದರೆ ಒಂದು ಸೆನ್ಸರ್ ಕೆಟ್ಟರೂ ಅದೇ ಕಂಪನಿಯ ಬಾಗಿಲಿಗೆ, ಅದು ಹೇಳಿದ ಬೆಲೆಗೆ ಹೋಗಬೇಕಾಗುತ್ತದೆ. ರಜೆಗಳ ಪಟ್ಟಿಯನ್ನು ಪ್ರತಿ ಜನವರಿಯಲ್ಲಿ ತುಂಬುವ ಹೊಣೆಯನ್ನು ಒಬ್ಬ ನೌಕರನ ಹೆಸರಿಗೆ ಬರೆದಿಡಬೇಕು. ಯುಗಾದಿ, ಆಯುಧಪೂಜೆಗಳ ದಿನಾಂಕ ವರ್ಷವರ್ಷವೂ ಬದಲಾಗುತ್ತದೆ. ಹೊರದೇಶದಲ್ಲಿ ತಯಾರಾದ ನಿಯಂತ್ರಕಕ್ಕೆ ಪಂಚಾಂಗ ತಿಳಿಯದು.